ಕಾಡಪ್ಪ ಕಂಡ ತಿಮಿಂಗಿಲ

ಪೀಣ್ಯ ಎರಡನೇ ಹಂತದ ಆ ಫೋರ್ಜಿಂಗ್ ಕಾರ್ಖಾನೆಯಲ್ಲಿ ಜನ ಬಾಯಿಂದ ಮಾತಾಡುತ್ತಿರಲಿಲ್ಲ. ಕಾದ ಕಬ್ಬಿಣ ಬಡಿಯುವ ದೊಡ್ಡ ಹ್ಯಾಮರ್ ಒಮ್ಮೆ ಶುರುವಾಯಿತೆಂದರೆ ನೆಲ ನಡುಗುತ್ತಿತ್ತು, ತಗಡಿನ ಸೂರು ಗಲಗಲ ಅನ್ನುತ್ತಿತ್ತು, ಪಕ್ಕದಲ್ಲಿ ನಿಂತವನ ಕೂಗೂ ಕಿವಿಗೆ ಬೀಳುತ್ತಿರಲಿಲ್ಲ. ಅದಕ್ಕೇ ಅಲ್ಲಿ ಎಲ್ಲವೂ ಕೈಯಲ್ಲಿ. ಭಟ್ಟಿಯಿಂದ ತೆಗೆದ ಕೆಂಪು ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಹ್ಯಾಮರಿನ ಕೆಳಗೆ ಒಡ್ಡುವವನು ಮೇಸ್ತ್ರಿ. ಎದುರಿಗೆ ಲಿವರ್ ಹಿಡಿದು ನಿಂತವನು ಡ್ರೈವರ್. ಮೇಸ್ತ್ರಿ ಅಂಗೈಯನ್ನು ಕೆಳಮುಖ ಮಾಡಿ ಮೆಲ್ಲಗೆ ಆಡಿಸಿದರೆ ಸಣ್ಣ ಏಟು. ಹೆಬ್ಬೆರಳು ಕೆಳಗೆ ತೋರಿಸಿದರೆ ಪೂರಾ ಏಟು. ಮುಷ್ಟಿ ಎತ್ತಿದರೆ ನಿಲ್ಲಿಸು. ಡ್ರೈವರ್ ಕಬ್ಬಿಣದ ಕಡೆ ನೋಡುವಂತಿಲ್ಲ, ಮೇಸ್ತ್ರಿಯ ಕೈಯನ್ನಷ್ಟೇ ನೋಡಬೇಕು. ಆ ಕೈ ಒಮ್ಮೆ ತಪ್ಪು ಹೇಳಿತೆಂದರೆ ತುಂಡು ಸಿಡಿದು ಯಾರ ಎದೆಗೆ ಬಡಿಯುತ್ತದೋ ಹೇಳಲಾಗದು.

ಕಾಡಪ್ಪ ಆ ಹ್ಯಾಮರಿನ ಭಟ್ಟಿ ಕಾಯುವವನು. ಕುಷ್ಟಗಿ ಕಡೆಯವನು. ಬಾಗಲಗುಂಟೆಯ ವಠಾರವೊಂದರಲ್ಲಿ ಹೆಂಡತಿ ಮಹಾದೇವಿಯೊಂದಿಗೆ ಒಂದು ಕೋಣೆಯ ಸಂಸಾರ. ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದವನು ತಗ್ಗಿಸಿದ ತಲೆಯಲ್ಲೇ ಕೂರುತ್ತಿದ್ದ, ನೀನು ಚಿಕ್ಕದಾದೆ ಎಂದು ಮನೆಗೆ ಹೇಳಿದಂತಾಗಬಾರದು ಎನ್ನುವ ಹಾಗೆ. ಕಾರ್ಖಾನೆಯ ಕೈಮಾತು ಅವನ ಹಿಂದೆಯೇ ಮನೆಗೂ ಬಂದಿತ್ತು. ಊಟಕ್ಕೆ ಕೂತಾಗ ಅನ್ನ ಸಾಕೆನ್ನಲು ಮುಷ್ಟಿ ಎತ್ತುತ್ತಿದ್ದ. ಸಾರು ಸ್ವಲ್ಪವೇ ಸಾಕೆನ್ನಲು ಅಂಗೈ ಆಡಿಸುತ್ತಿದ್ದ. ಮೊದಮೊದಲು ಮಹಾದೇವಿಗೆ ಸಿಟ್ಟು ಬರುತ್ತಿತ್ತು. “ನಾ ಏನ್ ನಿಮ್ಮ ಹ್ಯಾಮರ್ ಏನ್ರಿ? ಬಾಯಿ ಬಿಟ್ಟು ಹೇಳ್ರಿ,” ಅನ್ನುತ್ತಿದ್ದಳು. ಆಮೇಲೆ ಅವಳಿಗೂ ರೂಢಿಯಾಯಿತು. ವಠಾರದ ನಲ್ಲಿಯ ಹತ್ತಿರ ಹೆಂಗಸರ ಜಗಳ ಏರಿದಾಗ, ಬಾಗಿಲಲ್ಲಿ ನಿಂತ ಗಂಡನಿಗೆ ದೂರದಿಂದಲೇ ಕೈಯಲ್ಲಿ ಸುದ್ದಿ ಮುಟ್ಟಿಸುವಷ್ಟು ಕಲಿತಳು.

ಪೀಣ್ಯಕ್ಕೆ ಬರುವ ಮುಂಚೆ ಕಾಡಪ್ಪ ಹೊನ್ನಾವರದಲ್ಲಿ, ಶರಾವತಿಗೆ ರೈಲು ಸೇತುವೆ ಕಟ್ಟುವ ಕೆಲಸದಲ್ಲಿದ್ದ. ಒಂದು ರಜೆಯ ದಿನ ಮೀನಿನ ದೋಣಿಯವರು ಅವನನ್ನು ಜೊತೆಗೆ ಕರೆದುಕೊಂಡು ಹೋದರು. ಆ ದಿನ ಸಮುದ್ರದಲ್ಲಿ ಅವನು ತಿಮಿಂಗಿಲವನ್ನು ನೋಡಿದ. ಯಾರು ಕೇಳಿದರೂ ಅವನು ಅದನ್ನು ಹೇಳುತ್ತಿದ್ದುದು ಒಂದೇ ರೀತಿಯಲ್ಲಿ.

“ಮೊದ್ಲು ಉಸಿರು ಕೇಳಿಸ್ತು, ಬಾಯ್ಲರ್ ಗಾಳಿ ಬಿಟ್ಟಂಗ. ಆಮ್ಯಾಲೆ ಬೆನ್ನು ಬಂತು. ಬಂತು, ಬಂತು, ಬರ್ತಾನೇ ಇತ್ತು, ಮುಗೀವಲ್ದು. ಎರಡು ಲಾರಿ ಹಿಂದ ಮುಂದ ನಿಂತಂಗ. ಆಮ್ಯಾಲೆ ಅದರ ಮ್ಯಾಲೆ ನೀರು ಮುಚ್ಚಿಕೊಂತು.”

ಇಷ್ಟೇ. ಇದಕ್ಕೊಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಹೆಚ್ಚಿಸುವ ಕೆಲಸವನ್ನು ಉಳಿದವರು ಮಾಡಿದರು. ಕಾರ್ಖಾನೆಯ ಎದುರಿನ ಟೀ ಅಂಗಡಿಯಲ್ಲಿ ಎರಡು ಲಾರಿ ನಾಲ್ಕಾದವು, ನಾಲ್ಕು ಲಾರಿ ಗೂಡ್ಸ್ ರೈಲಾಯಿತು. ತಿಮಿಂಗಿಲ ದೋಣಿಯನ್ನು ಬೆನ್ನ ಮೇಲೆ ಹೊತ್ತು ತಂದು ದಡಕ್ಕೆ ಬಿಟ್ಟಿತು ಎಂದು ಯಾರೋ ಸೇರಿಸಿದರು. ಕೊನೆಗೆ ಇದೆಲ್ಲವೂ ಕಾಡಪ್ಪ ಹೇಳಿದ್ದೇ ಎಂದಾಯಿತು. ಕಾಡಪ್ಪ ದೊಡ್ಡ ಸುಳ್ಳ ಎಂದೂ ಆಯಿತು. ಅವನ ಹೆಸರೇ ತಿಮಿಂಗಿಲ ಆಗಿಹೋಯಿತು. ಮಹಾದೇವಿ ನಲ್ಲಿಗೆ ಹೋದರೆ, “ದಾರಿ ಬಿಡ್ರೇ, ತಿಮಿಂಗಿಲದ ಹೆಂಡ್ತಿ ಬಂದ್ಲು, ಇನ್ನ ನಲ್ಲೀಲಿ ನೀರು ಉಳಿಯಲ್ಲ,” ಎಂದು ಹೆಂಗಸರು ನಗುತ್ತಿದ್ದರು. ಅವಳು ಗಂಡನ ಪರವಾಗಿ ಸೆರಗು ಸಿಕ್ಕಿಸಿಕೊಂಡು ಜಗಳವಾಡುತ್ತಿದ್ದಳು. ಮನೆಯೊಳಗೆ ಬಂದು ಕೊಡ ಇಳಿಸುವಾಗ ಮಾತ್ರ, ಈ ಒಂದು ಮಾತನ್ನು ಇವರು ಆಡದೇ ಇದ್ದಿದ್ದರೆ ಎಂದು ಅವಳಿಗೂ ಅನ್ನಿಸುತ್ತಿತ್ತು. ಅದನ್ನು ಅವಳು ಯಾವತ್ತೂ ಅವನಿಗೆ ಹೇಳಲಿಲ್ಲ.

ತೊಂಬತ್ತಾರನೆಯ ಇಸವಿಯ ಆಯುಧಪೂಜೆಯ ದಿನ ಈ ಮಾತಿಗೆ ತೂಕ ಬಂತು.

ಆ ದಿನ ಹ್ಯಾಮರಿಗೆ ರಜೆ. ಮೈತುಂಬ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಕಾಲ ಬುಡದಲ್ಲಿ ಒಡೆದ ಬೂದುಗುಂಬಳ. ಶೆಡ್ಡು ಅಷ್ಟು ನಿಶ್ಶಬ್ದವಾಗಿದ್ದರೂ ಜನ ಮಾತ್ರ ಅಭ್ಯಾಸಬಲದಿಂದ ಕೂಗಿಯೇ ಮಾತಾಡುತ್ತಿದ್ದರು. ಮೇಸ್ತ್ರಿ ಗೋಪಾಲಪ್ಪ ಪೂಜೆ ಮುಗಿಸಿ, ಎಲ್ಲರಿಗೂ ಪುರಿ ಹಂಚಿ, ದೀಪಾವಳಿಗೆ ತಾನು ಕೆಲಸ ಬಿಡುವುದಾಗಿ ಹೇಳಿದ. ಚಿಕ್ಕಬಾಣಾವರದ ಮನುಷ್ಯ. ಭಟ್ಟಿಯ ಬೆಂಕಿ ನೋಡಿ ನೋಡಿ ಅವನ ಕಣ್ಣು ಮಂಜಾಗಿತ್ತು. ಆ ಶೆಡ್ಡಿನಲ್ಲೊಂದು ಪದ್ಧತಿ: ಬಿಟ್ಟು ಹೋಗುವ ಮೇಸ್ತ್ರಿ ತನ್ನ ಇಕ್ಕಳ ಯಾರಿಗೆಂದು ಹೆಸರು ಹೇಳಬೇಕು, ಹ್ಯಾಮರಿನ ಡ್ರೈವರ್ ಒಪ್ಪಬೇಕು. ಇಬ್ಬರೂ ಒಪ್ಪಿದ ಮೇಲೆ ಮಾಲೀಕರು ಬೇಡ ಅನ್ನುತ್ತಿರಲಿಲ್ಲ. ಗೋಪಾಲಪ್ಪ ಕಾಡಪ್ಪನ ಹೆಸರು ಹೇಳಿದ.

ಡ್ರೈವರ್ ಹನುಮೇಶ ಒಪ್ಪಲಿಲ್ಲ. ಅವನೂ ಉತ್ತರದ ಕಡೆಯವರ ಮಗನೇ. ಆದರೆ ಬೆಳೆದದ್ದೆಲ್ಲ ಬಾಗಲಗುಂಟೆಯಲ್ಲಿ, ಮಾತು ಪೂರಾ ಬೆಂಗಳೂರಿನದು.

“ಕಾಡಪ್ಪಣ್ಣ ಒಳ್ಳೇವ್ನೇ, ನಾನೇನು ಇಲ್ಲ ಅನ್ನಲ್ಲ,” ಅಂದ. “ಆದ್ರೆ ನಾನು ಅವನ ಕೈ ನೋಡ್ಕೊಂಡು ಏಟು ಬಿಡ್ಬೇಕು. ಬಾಯಲ್ಲಿ ತಿಮಿಂಗಿಲ ಬಿಡೋನು ಕೈಯಲ್ಲಿ ಏನು ಬಿಡ್ತಾನೋ ಯಾರಿಗ್ಗೊತ್ತು ಗುರು.”

ಶೆಡ್ಡೆಲ್ಲ ನಕ್ಕಿತು. ಕಾಡಪ್ಪ ಪುರಿ ಅಗಿಯುತ್ತಾ, “ಬಿಟ್ಟಿಲ್ಲೋ ತಮ್ಮಾ, ನೋಡೀನಿ,” ಅಂದ.

“ನೋಡಿದ್ರೆ ತೋರ್ಸು.”

“ನಡಿ.”

“ಎಲ್ಲಿಗೆ?”

“ಸಮುದ್ರಕ್ಕ. ಮತ್ತ ಶೆಡ್ಡಿಗೆ ತಂದು ತೋರಸ್ಲೇನು?”

ಈ ಬಾರಿ ನಗು ಹನುಮೇಶನ ಮೇಲೆ ತಿರುಗಿತು. ಪ್ರತಿವರ್ಷ ಆಯುಧಪೂಜೆ ಕಳೆದ ಮೇಲೆ ಕಾರ್ಖಾನೆಯಿಂದ ಒಂದು ಬಸ್ಸು ಹೊರಡುತ್ತಿತ್ತು. ಯಾವಾಗಲೂ ದೇವಸ್ಥಾನಗಳಿಗೇ. ಗೋಪಾಲಪ್ಪ ಕೈ ಎತ್ತಿದ.

“ಈ ಕಿತ ದೇವಸ್ಥಾನ ಸಾಕು ಕಣ್ರಪ್ಪ. ನಮ್ ಮುಖ ನೋಡಿ ನೋಡಿ ಆ ದೇವ್ರಿಗೂ ಬೇಜಾರಾಗೈತೆ. ಸಮುದ್ರುಕ್ಕೆ ಓಗೋಣ.” ಹನುಮೇಶನ ಕಡೆ ತಿರುಗಿ ಕೇಳಿದ: “ತೋರ್ಸುದ್ರೆ ಒಪ್ಕತೀಯೇನ್ಲಾ?”

“ತೋರ್ಸಿದ್ರೆ ಒಪ್ಕೊತೀನಿ. ತೋರಿಸ್ಲಿಲ್ವಾ, ನೀವು ಬೇರೆ ಹೆಸರು ಹೇಳ್ಬೇಕು ಮೇಸ್ತ್ರಿ.”

“ಆಯ್ತು,” ಅಂದ ಕಾಡಪ್ಪ. ಕೇಳಿದ್ದು ತನ್ನನ್ನಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಹೊರಡುವ ಹಿಂದಿನ ದಿನ ಮಹಾದೇವಿ ಜೋಳದ ರೊಟ್ಟಿಗಳನ್ನು ಗರಿಗರಿಯಾಗಿ ಸುಟ್ಟು, ಶೇಂಗಾ ಚಟ್ನಿ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಳು. ಕಾಡಪ್ಪ ಬಾಗಿಲಲ್ಲಿ ಕೂತು ಚಪ್ಪಲಿಯ ಉಂಗುಷ್ಠ ಹೊಲಿಯುತ್ತಿದ್ದ.

“ಕಾಣಲಿಲ್ಲಂದ್ರ?” ಅಂದಳು.

“ಕಾಣ್ತೈತಿ.”

“ಕಾಣಲಿಲ್ಲಂದ್ರ ಅಂತ ಕೇಳಾಕತ್ತೀನಿ.”

“ಕಾಣಲಿಲ್ಲಂದ್ರ ಕಾಣಲಿಲ್ಲ ಅಂತ ಹೇಳೂದು.”

“ಅಷ್ಟು ಹೇಳಾಕ ಹೊನ್ನಾವರ ತನಕ ಹೋಗಬೇಕೇನು? ಇಲ್ಲೇ ಹೇಳಿದ್ರ ರೊಟ್ಟಿ ಸುಡೂದರ ತಪ್ತಿತ್ತು.”

ಅವನು ನಕ್ಕ. ಅವಳು ನಗಲಿಲ್ಲ. ಮೇಸ್ತ್ರಿಯ ಇಕ್ಕಳವೆಂದರೆ ಅವಳಿಗೆ ಗೊತ್ತಿತ್ತು. ಭಟ್ಟಿಯ ಬಾಯಿಗೆ ಮುಖ ಕೊಟ್ಟು ನಿಲ್ಲುವುದು ತಪ್ಪುತ್ತದೆ. ಹುಬ್ಬು ಸುಟ್ಟುಕೊಂಡು ಬರುವ ಗಂಡನನ್ನು ದಿನಾ ನೋಡುವುದು ತಪ್ಪುತ್ತದೆ. ನಲ್ಲಿಯ ಹತ್ತಿರ ‘ಮೇಸ್ತ್ರಿ ಹೆಂಡ್ತಿ’ ಅನ್ನಿಸಿಕೊಳ್ಳುವ ಸುಖವೂ ಅವಳಿಗೆ ಬೇಡವಾಗಿರಲಿಲ್ಲ.

ಬೆಳಗಾಗುವ ಹೊತ್ತಿಗೆ ಬಸ್ಸು ಘಟ್ಟ ಇಳಿದು ಹೊನ್ನಾವರ ಮುಟ್ಟಿತ್ತು. ಅಲ್ಲೇ ಪಕ್ಕದ ಕಾಸರಕೋಡಿನ ದಡದಲ್ಲಿ ದೋಣಿ ಗೊತ್ತು ಮಾಡಿದವರು ಸೂಪರ್‌ವೈಸರ್ ವೀರೇಶ್. ದಾವಣಗೆರೆಯ ಕಡೆಯವರು, ಇಂಜಿನಿಯರು, ಕೊರಳಲ್ಲಿ ಹೊಸ ಕ್ಯಾಮೆರಾ. ಬಸ್ಸಿನ ಬಹುಪಾಲು ಜನ ತೆರೆಯಲ್ಲಿ ಕಾಲು ನೆನೆಸುತ್ತ ಅಲ್ಲೇ ಉಳಿದರು. ದೋಣಿ ಹತ್ತಿದ್ದು ಹ್ಯಾಮರಿನವರು ಮತ್ತು ಅವರ ಮನೆಯವರು.

ದೋಣಿಯ ಜಟ್ಟಪ್ಪ ಮೊಗೇರ ಬೀಡಿ ಕಚ್ಚಿಕೊಂಡು ಕೇಳಿದ, “ತಿಮಿಂಗಿಲ ಅಲ್ದಾ? ತೋರ್ಸುವ. ಅದಕ್ಕೆಂತ?” ಟೀ ಕೇಳಿದವರಿಗೆ ಕೂರಿ ಎಂದು ಹೇಳುವಷ್ಟು ಸಲೀಸಾಗಿ ಹೇಳಿದ.

ಹೊಳೆ ಸಮುದ್ರ ಸೇರುವ ಅಳಿವೆಯ ಕಡೆ ಹೊರಳುವಾಗ ಹಿಂದೆ ಶರಾವತಿಯ ಮೇಲೆ ರೈಲು ಸೇತುವೆ ಕಂಡಿತು. ಕಂಬದ ಹಿಂದೆ ಕಂಬ, ಹೊಳೆಯನ್ನು ದಾಟುತ್ತ ಹೊರಟ ಉದ್ದನೆಯ ಸಾಲು. ಕಾಡಪ್ಪ ಹೆಂಡತಿಯ ತೋಳು ಮುಟ್ಟಿ, “ಅಲ್ಲಿ ನೋಡು, ನಡುವಿನ ಆ ಕಂಬ. ಅದರ ಬುಡದಾಗ ನಾ ನಿಂತಿದ್ದೆ,” ಅಂದ. ಮಹಾದೇವಿ ಎಲ್ಲ ಕಂಬಗಳನ್ನೂ ನೋಡಿದಳು. ಯಾವುದೆಂದು ತಿಳಿಯಲಿಲ್ಲ. ಆದರೂ ತಲೆಯಾಡಿಸಿದಳು.

ಮಳೆಗಾಲ ಮುಗಿಸಿದ ಸಮುದ್ರ ಆಡಿ ದಣಿದ ಮಗುವಿನ ಹಾಗೆ ಉಸಿರಾಡುತ್ತಿತ್ತು. ಅಲೆ ಏಳುತ್ತಿರಲಿಲ್ಲ, ನೀರು ಇಡಿಯಾಗಿ ಮೇಲೆ ಬರುತ್ತಿತ್ತು, ಇಡಿಯಾಗಿ ಕೆಳಗೆ ಹೋಗುತ್ತಿತ್ತು. ದಡದ ತೆಂಗಿನ ಸಾಲು ಮೊದಲು ಗಿಡಗಳಾಗಿ, ಆಮೇಲೆ ಹಸಿರು ಗೆರೆಯಾಗಿ ಸಣ್ಣಗಾಯಿತು. ಇಂಜಿನ್ನಿನ ಡಬಡಬ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಹಿಂದೆ ಚುಕ್ಕಾಣಿ ಹಿಡಿದಿದ್ದ ಜಟ್ಟಪ್ಪ ಎದ್ದು ನಿಂತು ಕೂಗಿದ: “ಮುಂದೆ ಕೂತವ್ರು ಎಂತಾದ್ರೂ ಕಂಡ್ರೆ ಕೈ ಮಾಡಿ. ಕೂಗಿದ್ರೆ ನಂಗೆ ಕೇಳೂದಿಲ್ಲ.”

ಹ್ಯಾಮರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಇಷ್ಟು ದೂರ ಬಂದು ಅವರಿಗೆ ಸಿಕ್ಕದ್ದು ತಮ್ಮ ಶೆಡ್ಡೇ. ಅದುವರೆಗೆ ಸಮುದ್ರಕ್ಕೆ ಹೆದರಿ ಹಲಗೆ ಹಿಡಿದು ಕೂತಿದ್ದವರೆಲ್ಲ ಕೈ ಬಿಟ್ಟು ಹರಟತೊಡಗಿದರು. ಒಬ್ಬ ಕೈಯಲ್ಲೇ ಹಸಿವು ಅಂದ, ಇನ್ನೊಬ್ಬ ಕೈಯಲ್ಲೇ ಬೈದ. ಜಟ್ಟಪ್ಪ ಇವರೆಲ್ಲ ಮೂಗರಿರಬೇಕೆಂದುಕೊಂಡು ಮರುಕದಿಂದ ನೋಡಿದ.

ಕಾಡಪ್ಪ ದೋಣಿಯ ಮೂತಿಯಲ್ಲಿ, ತಲೆ ತಗ್ಗಿಸದೆ ಕೂತಿದ್ದ. ಅಲ್ಲಿ ತಗ್ಗಿಸಲು ಬಾಗಿಲಿರಲಿಲ್ಲ.

ಮೊದಲ ಸಲ ಅವನಿಗೆ ದೂರದಲ್ಲಿ ಏನೋ ಕಪ್ಪಗೆ ಕಂಡಿತು. ಥಟ್ಟನೆ ಮುಷ್ಟಿ ಎತ್ತಿದ. ಹ್ಯಾಮರಿನವರು ಅಷ್ಟೂ ಜನ ಕೂತಲ್ಲೇ ಕಲ್ಲಾದರು. ಹನುಮೇಶನ ಬಲಗೈ ಇಲ್ಲದ ಲಿವರನ್ನು ಹಿಂದಕ್ಕೆ ಎಳೆದುಕೊಂಡಿತು. ಆದರೆ ಲಿವರ್ ಇದ್ದದ್ದು ಜಟ್ಟಪ್ಪನ ಕೈಯಲ್ಲಿ. ಅವನ ಕಡಲಿನಲ್ಲಿ ಮುಷ್ಟಿ ಎತ್ತುವುದೆಂದರೆ ಜೋರು ಮಾಡು, ಮೀನು ತಪ್ಪಿಸಿಕೊಳ್ಳುತ್ತಿದೆ ಎಂದು. ಅವನು ಇಂಜಿನ್ನಿಗೆ ಇದ್ದಷ್ಟೂ ಎಣ್ಣೆ ಕೊಟ್ಟ. ದೋಣಿ ಮೂತಿ ಎತ್ತಿ ಹಾರಿತು. ವೀರೇಶ್ ಹಿಂದಕ್ಕೆ ಉರುಳಿ ಗೋಪಾಲಪ್ಪನ ಮಡಿಲಿಗೆ ಬಿದ್ದರು. ಅವರ ಟೋಪಿ ನೀರಿಗೆ ಹೋಯಿತು. ಕಪ್ಪಗೆ ಕಂಡದ್ದು ತೇಲಿಬಂದ ಮರದ ಕೊರಡು. ಅದನ್ನು ಸವರಿಕೊಂಡು ದೋಣಿ ಮುಂದೆ ಹೋಯಿತು.

ಜಟ್ಟಪ್ಪ ಇಂಜಿನ್ ತಗ್ಗಿಸಿ, “ಎಂತ ಮಾರಾಯಾ, ನೀನೇ ಜೋರು ಅಂದೆ,” ಅಂದ.

“ಮುಷ್ಟಿ ಅಂದ್ರ ನಿಲ್ಸೂದು, ಅಣ್ಣಾ.”

“ಯಾವ ಊರಲ್ಲಿ?”

“ಪೀಣ್ಯದಲ್ಲಿ,” ಎಂದು ಎಲ್ಲರೂ ಒಟ್ಟಿಗೆ ಹೇಳಿದರು.

“ಓ, ನಿಮ್ಗೆಲ್ಲ ಬಾಯಿ ಉಂಟಾ?” ಜಟ್ಟಪ್ಪ ತಲೆ ಕೆರೆದುಕೊಂಡ. “ಆಯ್ತು. ಇವತ್ತೊಂದು ದಿನ ಸಮುದ್ರಕ್ಕೂ ನಿಮ್ಮೂರ ಕಾನೂನು.”

ಹೊತ್ತು ಏರಿತು. ನೀರಿನ ಮೇಲೆ ಬಿಸಿಲು ಕಾಯಿಸಿದ ತಗಡಿನಂತೆ ಹೊಳೆಯಿತು. ಹನುಮೇಶ ಹೊಟ್ಟೆ ತೊಳಸಿ ದೋಣಿಯಂಚಿಗೆ ಬಗ್ಗಿದ. ಶೆಡ್ಡಿನಲ್ಲಿ ಎಲ್ಲರ ಕಾಲೆಳೆಯುವವನು ಹಸಿರು ಮುಖ ಮಾಡಿಕೊಂಡು ಮಹಾದೇವಿಯ ಪಕ್ಕ ಮುದುಡಿ ಕೂತ. ಅವಳು ರೊಟ್ಟಿಯ ಒಂದು ಚೂರು ಮುರಿದು, ಉಪ್ಪು ಸವರಿ ಬಾಯಿಗಿಟ್ಟಳು.

“ಸಾವಕಾಶ ಅಗಿ. ಹೊಟ್ಟಿ ಕುಂದ್ರತೈತಿ.”

“ಅಕ್ಕಾ, ನಿಮ್ ಯಜಮಾನ್ರ ತಿಮಿಂಗಿಲ ಬರೋ ಅಷ್ಟರಲ್ಲಿ ನಾನೇ ಸಮುದ್ರದ ಪಾಲಾಗ್ತೀನಿ.”

“ನಿನ್ನ ತಿಂದ್ರ ಅದಕ್ಕ ವಾಂತಿ ಆಗ್ತೈತಿ, ಬಿಡು.”

ಅವನಿಗೂ ನಗು ಬಂತು. ನಗುವಾಗ ಇನ್ನೊಮ್ಮೆ ಬಗ್ಗಬೇಕಾಯಿತು. ಆ ಹುಡುಗಾಟದವನ ಬೆನ್ನು ನೀವುತ್ತ ಮಹಾದೇವಿ ಮನಸ್ಸಿನಲ್ಲೇ ಸಮುದ್ರಕ್ಕೆ ಹರಕೆ ಹೊತ್ತಳು. ಒಂದು ಸಲ, ಒಂದೇ ಒಂದು ಸಲ ಬೆನ್ನು ತೋರಿಸು ತಾಯಿ. ಇವನ ಕಣ್ಣಿಗೆ ಬಿದ್ದರೆ ಸಾಕು.

ಬಸವರಾಜದುರ್ಗದ ನಡುಗಡ್ಡೆಯ ಆಚೆ ದೋಣಿ ಹೊರಳಿದಾಗ ಕಾಡಪ್ಪನ ಮುಷ್ಟಿ ಎರಡನೆಯ ಸಲ ಮೇಲೇರಿತು. ಜಟ್ಟಪ್ಪ ಈ ಸಲ ಇಂಜಿನ್ ನಿಲ್ಲಿಸಿಯೇಬಿಟ್ಟ.

ನಿಂತ ಇಂಜಿನ್ನಿನ ಹಿಂದೆಯೇ ನಿಶ್ಶಬ್ದ ಬಂದು ದೋಣಿಯನ್ನು ತುಂಬಿತು. ವರ್ಷಗಟ್ಟಲೆ ಹ್ಯಾಮರಿನ ಕೆಳಗೆ ಬದುಕಿದ ಆ ಕಿವಿಗಳಿಗೆ ಅಂಥ ನಿಶ್ಶಬ್ದ ಹೊಸದು. ಹಲಗೆಯ ಕೆಳಗೆ ನೀರು ನಾಲಿಗೆಯಿಂದ ನೆಕ್ಕಿದಂತೆ ಆಡುತ್ತಿದ್ದುದು ಕೇಳಿಸಿತು. ಮಹಾದೇವಿ ತನ್ನ ಬಳೆಯ ಸದ್ದೇ ಜೋರೆನಿಸಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಆಗ ಎಡಗಡೆ ‘ಫುಸ್’ ಎಂದು ಸಣ್ಣ ಉಸಿರು. ಬೂದು ಬೆನ್ನೊಂದು ಬಿಲ್ಲಿನ ಹಾಗೆ ಬಾಗಿ ಮೇಲೆ ಬಂದು ಜಾರಿತು. ಅದರ ಪಕ್ಕ ಇನ್ನೊಂದು. ಮುಂದೆ ಮತ್ತೊಂದು, ಅದಕ್ಕೆ ಅಂಟಿಕೊಂಡಂತೆ ಒಂದು ಪುಟ್ಟದು. ದೋಣಿಯ ಕೆಳಗೇ ನುಗ್ಗಿ ಆಚೆ ಎದ್ದವು. ಅದರಲ್ಲೊಂದು ತಲೆ ಹೊರಗೆ ಹಾಕಿ, ಬಾಗಿಲಿಗೆ ಬಂದ ನೆಂಟರನ್ನು ನೋಡುವ ಹಾಗೆ ಇವರನ್ನು ನೋಡಿ ಒಳಗೆ ಹೋಯಿತು. ನೀರು ಅವುಗಳ ಮೇಲೆ ಮುಚ್ಚುತ್ತಿತ್ತು, ಬಿಚ್ಚುತ್ತಿತ್ತು. ವೀರೇಶರ ಕ್ಯಾಮೆರಾ ಒಂದೇ ಸಮನೆ ಕ್ಲಿಕ್ಕೆನ್ನುತ್ತಿತ್ತು. ಕಣ್ಣು ಮಂಜಾದ ಗೋಪಾಲಪ್ಪ, “ಎತ್ತ ಕಡೆ, ಎತ್ತ ಕಡೆ,” ಎಂದು ಕೇಳುತ್ತ, ಉಸಿರು ಕೇಳಿದ ಕಡೆಗೆಲ್ಲ ಮುಖ ತಿರುಗಿಸುತ್ತಿದ್ದ. ಒಂದು ತೀರ ಹತ್ತಿರ ಬಂದು ಉಸಿರು ಬಿಟ್ಟಾಗ ನೀರಿನ ಹನಿ ಅವನ ಕೆನ್ನೆಗೆ ಸಿಡಿಯಿತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.

ಹನುಮೇಶ ವಾಂತಿ ಮರೆತು ಎದ್ದು ನಿಂತಿದ್ದ. ಮಗುವಿನ ಮುಖವಾಗಿತ್ತು ಅವನದು.

“ಕಾಡಪ್ಪಣ್ಣ,” ಅಂದ, ಪಿಸುಮಾತಿನಲ್ಲಿ. “ಒಪ್ಕೊಂಡೆ ಕಣಣ್ಣ. ನೋಡ್ಬಿಟ್ಟೆ ನಿನ್ ತಿಮಿಂಗಿಲ. ಏನ್ ಸಕ್ಕತ್ತಾಗಿವೆ.”

ದೋಣಿಯೆಲ್ಲ ಹೋ ಎಂದಿತು. ಯಾರೋ ಶಿಳ್ಳೆ ಹೊಡೆದರು. ಮಹಾದೇವಿ ಕಣ್ಣು ಮುಚ್ಚಿ ಸಮುದ್ರಕ್ಕೆ ಕೈ ಮುಗಿದಳು. ಕಾಡಪ್ಪ ಮಾತ್ರ ಮೂತಿಯಲ್ಲಿ ಕೂತು ಆ ಬೂದು ಬೆನ್ನುಗಳನ್ನು ಒಂದೊಂದಾಗಿ ನೋಡುತ್ತಿದ್ದ, ಭಟ್ಟಿಯಿಂದ ತೆಗೆದ ತುಂಡಿನ ಬಣ್ಣ ನೋಡುವ ಹಾಗೆ.

“ಇವಲ್ಲ,” ಅಂದ.

ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಅವನು ಎದ್ದು ನಿಂತು ಇನ್ನೊಮ್ಮೆ ಹೇಳಿದ. “ತಿಮಿಂಗಿಲ ಅಲ್ಲ ಇವು. ಚೆಂದ ಅದಾವ, ಆದ್ರ ನಾ ನೋಡಿದ್ದು ಇವಲ್ಲ.”

“ಅಯ್ಯೋ, ಇದೇ ಮಾರಾಯಾ,” ಅಂದ ಜಟ್ಟಪ್ಪ, ಹುಟ್ಟಾ ಕಡಲಿನವನ ಗತ್ತಿನಲ್ಲಿ. “ತಿಮಿಂಗಿಲದ ಮರಿ. ನಾನು ಹುಟ್ಟಿದಾಗಿಂದ ಕಾಣ್ತಿದ್ದೇನೆ.”

ವೀರೇಶ್ ಕ್ಯಾಮೆರಾ ಇಳಿಸಿದರು. “ಇವು ಡಾಲ್ಫಿನ್, ಕಾಡಪ್ಪ. ಆದ್ರೆ ತಿಮಿಂಗಿಲದ ಜಾತಿಗೇ ಸೇರ್ತವೆ, ಪುಸ್ತಕದಲ್ಲೇ ಹಾಗಿದೆ. ನೀನು ಹೇಳಿದ್ದು ಸುಳ್ಳಾಗಲ್ಲ ಬಿಡು. ಫೋಟೋ ತೊಳೆಸಿ ನೋಟಿಸ್ ಬೋರ್ಡಿಗೆ ಹಾಕಿಸ್ತೀನಿ. ಕೆಳಗೆ ‘ಕಾಡಪ್ಪನ ತಿಮಿಂಗಿಲ’ ಅಂತ ಬರೆಸ್ತೀನಿ.”

“ಜಾತಿ ಒಂದಿರಬೌದು, ಸಾರ್. ಗುಬ್ಬೀನೂ ಪಕ್ಷಿ, ಹದ್ದೂ ಪಕ್ಷಿ. ನಾ ಹದ್ದು ಅಂದೀನಿ. ಗುಬ್ಬಿ ತೋರ್ಸಿ ಇದೇ ಅಂದ್ರ ಹೆಂಗ?”

ದೋಣಿಯ ನಡುವಿನಿಂದ ಮಹಾದೇವಿ ಅವನನ್ನು ನೋಡಿದಳು. ಅಂಗೈಯನ್ನು ಕೆಳಮುಖ ಮಾಡಿ ಮೆಲ್ಲಗೆ ಆಡಿಸಿದಳು. ಸಣ್ಣ ಏಟು. ಮೆಲ್ಲಗೆ ಹೋಗಿ. ಬಿಟ್ಟುಬಿಡಿ. ಆ ಕೈಯ ಅರ್ಥ ದೋಣಿಯಲ್ಲಿದ್ದ ಎಲ್ಲ ಗಂಡಸರಿಗೂ ಗೊತ್ತಿತ್ತು. ಎಲ್ಲರೂ ಕಾಡಪ್ಪನ ಕೈ ನೋಡಿದರು.

ಕಾಡಪ್ಪ ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿ, ಮುಷ್ಟಿ ಎತ್ತಿದ.

ಹನುಮೇಶನಿಗೆ ಸಿಟ್ಟು ಬಂತು. ಉಡುಗೊರೆ ಕೊಡಲು ಹೋದವನ ಮುಂದೆ ಬಾಗಿಲು ಹಾಕಿದಂಥ ಸಿಟ್ಟು. “ನಿಂಗೇನ್ ತಲೆ ಕೆಟ್ಟಿದ್ಯಾ? ನಾನೇ ಒಪ್ಕೊಂಡೆ ಅಂತಿದೀನಲ್ಲ. ಇಕ್ಕಳ ನಿಂದೇ. ಹೂಂ ಅನ್ನೋಕೇನು ಕಷ್ಟ?”

“ನೀ ಒಪ್ಪಿದಿ ಅಂತ ಅದು ಆಗ್ತೈತೇನೋ ತಮ್ಮಾ?” ಕಾಡಪ್ಪನ ದನಿಯಲ್ಲಿ ಬೇಸರವಿರಲಿಲ್ಲ. “ಇದು ತಿಮಿಂಗಿಲ ಅಂತ ಇವತ್ತು ಹೇಳಿದ್ರ, ನಾ ಅವತ್ತು ನೋಡಿದ್ದು ಏನಾತು? ಅದೂ ಸುಳ್ಳಾತಲ್ಲ. ಇನ್ನಷ್ಟು ಹೊತ್ತು ನೋಡೂಣು. ಬಂದ್ರ ಬರ್ತೈತಿ.”

ಬರಲಿಲ್ಲ. ಬಿಸಿಲು ಇಳಿಮುಖವಾಗುವ ತನಕ ಅವರು ಆ ನೀರಿನಲ್ಲಿ ತೂಗುತ್ತಿದ್ದರು. ರೊಟ್ಟಿಯ ಗಂಟು ಬಿಚ್ಚಿ ಎಲ್ಲರೂ ಹಂಚಿಕೊಂಡು ತಿಂದರು. ಜಟ್ಟಪ್ಪ ಶೇಂಗಾ ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡ. ಡಾಲ್ಫಿನ್‌ಗಳು ಆಡಿ ಆಡಿ ತಮ್ಮ ದಾರಿ ಹಿಡಿದವು. ಸಮುದ್ರ ಖಾಲಿ ಹಾಳೆಯಾಗಿ ಉಳಿಯಿತು. ಕಾಡಪ್ಪ ಕೊನೆಯ ಸಲ ಸುತ್ತ ನೋಡಿ, ಜಟ್ಟಪ್ಪನಿಗೆ ದಡದ ಕಡೆ ಕೈ ತೋರಿಸಿದ.

“ಇವತ್ತಿಲ್ಲ,” ಅಂದ. ಅಂಗಡಿಯವನು ಗಿರಾಕಿಗೆ ಹೇಳುವ ಹಾಗೆ, ನಾಳೆ ಇರಬಹುದು ಎಂಬ ನೆಮ್ಮದಿಯಲ್ಲೇ ಹೇಳಿದ.

ದಡದಲ್ಲಿ ಇಳಿಯುವಾಗ ಜಟ್ಟಪ್ಪ ಅವನ ಹೆಗಲು ತಟ್ಟಿದ. “ನನ್ನನ್ನೇ ಸುಳ್ಳ ಮಾಡ್ದೆಯಲ್ಲ ಮಾರಾಯಾ. ನಂಗೊತ್ತು ಅದು ಇದಲ್ಲ ಅಂತ. ಬಂದವ್ರು ಖುಷಿಯಾಗಿ ಹೋಗ್ಲಿ ಅಂತ ಹೇಳೂದಪ್ಪ.”

“ಖುಷಿಯಾಗೇ ಹೊಂಟೀವಿ ಅಣ್ಣಾ,” ಅಂದ ಕಾಡಪ್ಪ.

ಒದ್ದೆ ಮರಳಿನ ಮೇಲೆ ಗೋಪಾಲಪ್ಪ ಹನುಮೇಶನ ಹೆಗಲ ಮೇಲೆ ಕೈಯೂರಿ ನಡೆಯುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ಕೇಳಿದ: “ಅಂಗಾರೆ ಇನ್ನೊಂದು ಎಸ್ರು ಯೋಳ್ಲೇನ್ಲಾ?”

ಹನುಮೇಶ ಚಪ್ಪಲಿ ಕೊಡವಿದ. ಮರಳು ಹೋಗಿರಲಿಲ್ಲವೆಂಬಂತೆ ಮತ್ತೊಮ್ಮೆ ಕೊಡವಿದ.

ಬಸ್ಸಿನಲ್ಲಿ ಮಹಾದೇವಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅವಳಿಗೆ ಸಿಟ್ಟು ಬಂದಿತ್ತು. ಕೈಗೆ ಬಂದದ್ದನ್ನು ಎಲ್ಲರೆದುರು ನೀರಿಗೆ ಹಾಕಿ ಬಂದ ಮನುಷ್ಯ. ಒಂದು ಹೂಂ ಅಂದಿದ್ದರೆ ಆಗುತ್ತಿತ್ತು. ದೋಣಿಯವನೇ ಸಾಕ್ಷಿ ಹೇಳಿದ, ಇಂಜಿನಿಯರೇ ಸಾಕ್ಷಿ ಹೇಳಿದರು. ಸುಳ್ಳು ಹೇಳುವವನಾಗಿದ್ದರೆ ಅಂಥ ಹೊತ್ತಿನಲ್ಲಿ ಯಾರು ಬಿಡುತ್ತಾರೆ? ಅಷ್ಟು ಅಂದುಕೊಂಡಾಗ ಅವಳ ಯೋಚನೆ ಅಲ್ಲೇ ನಿಂತಿತು. ಗೇರುಸೊಪ್ಪೆಯ ತಿರುವುಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಕಾಡಪ್ಪ ಮುಂದಿನ ಸೀಟಿನ ಕಂಬಿಗೆ ಹಣೆ ಕೊಟ್ಟು ಕಣ್ಣು ಮುಚ್ಚಿದ್ದ. ಅವಳು ಅವನ ಸುಟ್ಟ ಹುಬ್ಬನ್ನು ಬಹಳ ಹೊತ್ತು ನೋಡಿದಳು.

“ಏನ್ರಿ.”

“ಹೂಂ.”

“ಹಂಗಾರ ನೀವು ನೋಡಿದ್ದು ಖರೇನ.”

ಕಾಡಪ್ಪ ಕಣ್ಣು ಬಿಟ್ಟ. ಇಷ್ಟು ವರ್ಷ ತನಗಾಗಿ ನಲ್ಲಿಯ ಹತ್ತಿರ ಜಗಳವಾಡಿದವಳು, ನಂಬದೆಯೇ ಜಗಳವಾಡಿದ್ದಳು. ಅದು ಅವನಿಗೆ ಆಗ ತಿಳಿಯಿತು. ಅವನಿಗೆ ನೋವಾಗಬೇಕಿತ್ತು. ಆದರೆ ನಂಬದೆಯೂ ಅಷ್ಟು ಜಗಳ ಮಾಡಿದಳಲ್ಲ ಎಂದು ಎದೆ ತುಂಬಿ ಬಂತು.

“ಎರಡು ಲಾರಿ,” ಅಂದ.

“ಹಿಂದ ಮುಂದ ನಿಂತಂಗ,” ಎಂದಳು ಅವಳು, ಮತ್ತು ಸೆರಗಿನ ತುದಿಯಿಂದ ಅವನ ಹಣೆಯ ಮೇಲಿನ ಉಪ್ಪನ್ನು ಒರೆಸಿದಳು.

ಸೋಮವಾರ ಹ್ಯಾಮರ್ ಮತ್ತೆ ಶುರುವಾಯಿತು. ಸೂರು ಗಲಗಲ ಅಂದಿತು, ಬಾಯಿಮಾತು ಸತ್ತಿತು. ಎರಡು ತುಂಡು ಬಡಿದಾದ ಮೇಲೆ ಗೋಪಾಲಪ್ಪ ಇಕ್ಕಳವನ್ನು ಕಾಡಪ್ಪನ ಕೈಗೆ ಕೊಟ್ಟು ಗೋಡೆಗೆ ಹೋಗಿ ನಿಂತ. ಭಟ್ಟಿಯ ಮುಂದೆ ಬೇರೆಯವನು ನಿಂತ. ಶೆಡ್ಡಿನ ಕಣ್ಣುಗಳೆಲ್ಲ ಹನುಮೇಶನ ಮೇಲಿದ್ದವು. ಅವನು ಲಿವರ್ ಬಿಟ್ಟು ನಡೆದರೆ ಆ ಮಾತು ಅಲ್ಲಿಗೇ ಮುಗಿಯಿತು.

ಹನುಮೇಶ ಕೈಗವಸು ಸರಿಮಾಡಿಕೊಂಡು ಲಿವರ್ ಹಿಡಿದ.

ತುಂಡು ಬಂತು. ಕೆಂಪಗಿತ್ತು, ಕಿಡಿ ಉದುರುತ್ತಿತ್ತು. ಹೊರಗೆ ಮಾಲು ಒಯ್ಯಲು ಬಂದ ಲಾರಿ ಕಾಯುತ್ತಿತ್ತು. ವೀರೇಶ್ ಬಾಗಿಲಲ್ಲಿ ನಿಂತು ಬೇಗ ಬೇಗ ಎಂದು ಕೈ ಬೀಸುತ್ತಿದ್ದರು. ನೋಡಿದವರಿಗೆಲ್ಲ ಅದು ಕಾದ ಕಬ್ಬಿಣವೇ. ಕಾಡಪ್ಪ ಅದನ್ನು ಹ್ಯಾಮರಿನ ಕೆಳಗೆ ಒಡ್ಡಿ, ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸಿದ. ಕೆಳ ಮೂಲೆಯಲ್ಲಿ ಕೆಂಪಿನ ಒಳಗೆ ಒಂದಿಷ್ಟು ಕಪ್ಪು, ಅಲ್ಲಿ ಇನ್ನೂ ಕಾದಿರಲಿಲ್ಲ.

ಅವನು ಮುಷ್ಟಿ ಎತ್ತಿದ.

ಹನುಮೇಶನ ಕೈ ಲಿವರಿನಿಂದ ಕೆಳಗಿಳಿಯಿತು. ಅವನು ತುಂಡಿನ ಕಡೆ ನೋಡಲಿಲ್ಲ, ಬಾಗಿಲಲ್ಲಿ ಕೈ ಬೀಸುತ್ತಿದ್ದ ವೀರೇಶರ ಕಡೆಯೂ ನೋಡಲಿಲ್ಲ. ಕಾಡಪ್ಪ ತುಂಡನ್ನು ಭಟ್ಟಿಗೆ ಮರಳಿ ಕಳಿಸಿದ. ಕಾಯುವ ಆ ಹೊತ್ತಿನಲ್ಲಿ ಹನುಮೇಶ ತನ್ನ ತೋಳನ್ನು ಎದೆಯ ಮುಂದೆ ಅಡ್ಡ ಹಿಡಿದು, ನೀರಿನಿಂದ ಬೆನ್ನೊಂದು ಮೇಲೆ ಬಂದು, ಬಂದು, ಬರುತ್ತಲೇ ಇದ್ದು ಮುಳುಗುವ ಹಾಗೆ ಉದ್ದಕ್ಕೆ ಬಾಗಿಸಿ ಇಳಿಸಿದ. ಆ ಶೆಡ್ಡಿನ ಕೈಮಾತಿನಲ್ಲಿ ಅದುವರೆಗೆ ಅಂಥದೊಂದು ಇರಲಿಲ್ಲ. ಆದರೂ ಅದು ಯಾರ ಹೆಸರೆಂದು ಎಲ್ಲರಿಗೂ ತಿಳಿಯಿತು. ಗೋಡೆಯ ಬಳಿ ನಿಂತಿದ್ದ ಗೋಪಾಲಪ್ಪನಿಗೆ ಅದು ಕಾಣಿಸಲಿಲ್ಲ. ಪಕ್ಕದವನು ಅವನ ಬೆನ್ನ ಮೇಲೆ ತೋಳು ಜಾರಿಸಿ ತೋರಿಸಿದ.

ತುಂಡು ಮತ್ತೆ ಬಂತು. ಈಗ ಮೂಲೆಯವರೆಗೂ ಒಂದೇ ಕೆಂಪು. ಕಾಡಪ್ಪ ಕಾಲು ಅಗಲಿಸಿ ನಿಂತು, ಇಕ್ಕಳದ ಬಾಲವನ್ನು ಸೊಂಟಕ್ಕೆ ಒತ್ತಿ ಹಿಡಿದು, ಹೆಬ್ಬೆರಳನ್ನು ಕೆಳಗೆ ಮಾಡಿದ.